ಗುಂಡಗುರ್ತಿಯಿಂದ ಬಂದ ಗಾಡಿ

“ಹಲೋ! ಬ್ಯಾಂಡ್ ಧರ್ಮಣ್ಣ ಅವ್ರ ಮನಿ ಏನ್ರಿ?”

ಅಂಬು ರಿಸೀವರನ್ನು ಕಿವಿಯಿಂದ ದೂರ ಹಿಡಿದಳು. ಕೂಗು ಅಷ್ಟು ಜೋರಾಗಿತ್ತು. ಬೆಳಿಗ್ಗೆಯಿಂದ ಇದೇ ಪ್ರಶ್ನೆ. ಭಾಗಾಕಾರದ ಲೆಕ್ಕ ಅರ್ಧಕ್ಕೇ ನಿಂತಿತ್ತು.

ಚಿತ್ತಾಪುರದ ಈ ಬಾಡಿಗೆ ಮನೆಗೆ ಅವರು ಬಂದು ತಿಂಗಳಾಗಿತ್ತು. ಮೊದಲು ಇಲ್ಲಿದ್ದ ಧರ್ಮಣ್ಣ ಮದುವೆಗಳಿಗೆ ಬ್ಯಾಂಡ್ ಬಾರಿಸುವವನು. ಅವನು ವಾಡಿಗೆ ಹೋದ. ಮನೆ ಮಾಲೀಕರ ಫೋನ್ ಇಲ್ಲೇ ಉಳಿಯಿತು. ಸಿಮೆಂಟ್ ಅಂಗಡಿಯ ವ್ಯಾಪಾರಕ್ಕೆ ಬೇಕೆಂದು ಅಪ್ಪ ಅದನ್ನು ಇಟ್ಟುಕೊಂಡಿದ್ದ.

ಹೋಗುವಾಗ ಧರ್ಮಣ್ಣ ಅಂಬುವಿಗೇ ಹೇಳಿದ್ದ: “ಯಾರರ ಕೇಳಿದ್ರ, ವಾಡಿ ಸ್ಟೇಷನ್ ಹಿಂದ ದೊಡ್ಡ ಬೇವಿನಗಿಡದ ಮನಿ ಅಂತ ಹೇಳವ್ವಾ. ಮರೀಬ್ಯಾಡ.”

ಅವಳು ಮರೆತಿರಲಿಲ್ಲ. ಹೇಳಿ ಹೇಳಿ ಬೇಸರವಾಗಿತ್ತು, ಅಷ್ಟೆ.

“ಶುಕ್ರವಾರ ಗುಂಡಗುರ್ತಿಗಿ ಬರಬೇಕ್ರಿ! ಕೇಳಸ್ಲಿಕತ್ತದೇನ್ರಿ?” ಆ ಕಡೆಯವನು ಕೂಗಿದ.

ತಮ್ಮ ಚಂದ್ರಾಮ ಪಿಸುಗುಟ್ಟಿದ: “ಅಕ್ಕಾ, ಬರ್ತೀವಿ ಅನ್ನು! ಮಜಾ ಬರ್ತದ.”

ಅಂಬು ನಗು ತಡೆದುಕೊಂಡಳು. “ಹೌದ್ರಿ, ನಾ ಧರ್ಮಣ್ಣನ ಮಗಳ್ರಿ. ಅಪ್ಪ ಬರ್ತಾನ್ರಿ. ಗಾಡಿ ಕಳಸ್ರಿ!”

ಫೋನ್ ಇಟ್ಟು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆಯ ಹೊತ್ತಿಗೆ ಮರೆತೇಬಿಟ್ಟರು.

ಶುಕ್ರವಾರ ಶಾಲೆಯಿಂದ ಬಂದಾಗ ಬಾಗಿಲಲ್ಲಿ ಎತ್ತಿನ ಗಾಡಿ ನಿಂತಿತ್ತು. ಗಾಡಿಯೊಳಗೆ ಹುಲ್ಲು, ಅದರ ಮೇಲೆ ಹಳೆ ಬಟ್ಟೆ ಸೇರಿಸಿ ಹೊಲಿದ, ಒಗೆದು ಹಾಸಿದ ಕೌದಿ. ಕಟ್ಟೆಯ ಮೇಲೆ ಅಜ್ಜಿಯೊಬ್ಬಳು ತಟ್ಟೆ ಹಿಡಿದು ಕುಳಿತಿದ್ದಳು. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಕುಂಕುಮ.

“ಧರ್ಮಣ್ಣ ಈಗ ಇಲ್ಲಿಲ್ರಿ,” ಅವ್ವ ಹೇಳುತ್ತಿದ್ದಳು. “ಬರ್ತಾರ ಅಂತ ನಿಮಗ ಯಾರು ಹೇಳಿದ್ರು?”

“ಅವ್ರ ಮಗಳೇ ಫೋನಿನ್ಯಾಗ ಹೇಳಿದ್ಳಲ್ರಿ,” ಎಂದ ಗಾಡಿ ಹೊಡೆದುಕೊಂಡು ಬಂದ ಖಂಡೆಪ್ಪ. “ಲೈನ್ ಸಿಗೂತನಕಾ ಮುಂಜಾನಿಯಿಂದ ಪೋಸ್ಟ್ ಆಫೀಸಿನ್ಯಾಗ ಕುಂತಿದ್ದೆ. ಭಾಳ ಚೊಲೋ ಮಾತಾಡಿದಳ್ರಿ ಆ ಹುಡುಗಿ. ಬ್ಯಾಂಡ್ ಬರ್ತದ ಅಂತ ಊರಿಗೆಲ್ಲಾ ಹೇಳೀನಿ.”

“ಬಾಜಾಕ್ಕ ಪೆಟ್ಟ ಬೀಳಬಾರದಂತ ಕೌದಿ ಸೈತ ಹಾಸೀವಿ,” ಎಂದಳು ಅಜ್ಜಿ ಭೀಮಬಾಯಿ. “ನಾಳಿ ಮೊಮ್ಮಗಳ ಮೆರವಣಿಗಿ.”

ಚಂದ್ರಾಮ ಮೆಲ್ಲಗೆ ಬಾಗಿಲ ಹಿಂದೆ ಸರಿದ. ಅವ್ವ ಅಂಬುವಿನ ಕಡೆ ನೋಡಿದಳು. ಅಂಬುವಿನ ಕಿವಿಗಳು ಬಿಸಿಯಾದವು.

“ನಾನೇ ಹೇಳಿದ್ದು,” ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. “ಫೋನಿನ್ಯಾಗ ನಾನೇ ಹೇಳಿದ್ದು ಅಜ್ಜಿ. ಚೇಷ್ಟಿಗಿ.”

ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಅವ್ರು ವಾಡಿ ಸ್ಟೇಷನ್ ಹಿಂದ ಇದ್ದಾರ,” ಅಂಬು ಗಡಿಬಿಡಿಯಿಂದ ಹೇಳಿದಳು. “ದೊಡ್ಡ ಬೇವಿನಗಿಡದ ಮನಿ.”

“ವಾಡಿಗಿ ಪ್ಯಾಸೆಂಜರ್ ರೈಲು ಸಿಕ್ಕರ ಹೋಗಿ ನೋಡ್ತೀನಿ ಆಯಿ,” ಎಂದ ಖಂಡೆಪ್ಪ. “ಲಗ್ನದ ಸೀಜನ್ ಅದ. ಅವ್ರು ಖಾಲಿ ಇರಬೇಕಲ್ಲ!”

ಭೀಮಬಾಯಿ ಎದ್ದಳು. ತಟ್ಟೆಯ ಕಾಯಿಯನ್ನು ಅಂಬುವಿನ ಕೈಯಲ್ಲಿಟ್ಟಳು.

“ಬ್ಯಾಡ ಅಜ್ಜಿ...”

“ಹಿಡಿ. ಹೊಸ್ತಿಲಿಗಿ ತಂದ ಕಾಯಿ ವಾಪಸ್ ಒಯ್ಯಬಾರದು. ಧರ್ಮಣ್ಣಗ ಬ್ಯಾರೆ ತಗೊಂಡ್ರಾತು.”

ಗಾಡಿ ಸ್ಟೇಷನ್ ಕಡೆ ತಿರುಗಿತು. ಅಜ್ಜಿ ಕೌದಿಯ ಮೇಲೆ ಕೂರಲಿಲ್ಲ. ಅದನ್ನು ಖಾಲಿ ಬಿಟ್ಟು, ಅಂಚಿಗೆ ಮುದುಡಿ ಕುಳಿತಿದ್ದಳು.

ಅವ್ವ ಆ ಕಾಯಿ ಒಡೆಯೋಣ ಎನ್ನಲಿಲ್ಲ. ಅಂಬು ಅದನ್ನು ಗೋಡೆಯ ಗೂಡಿನಲ್ಲಿಟ್ಟಳು. ಅಲ್ಲಿಂದ ಅದು ತನ್ನನ್ನೇ ನೋಡುತ್ತಿದೆ ಅನ್ನಿಸಿತು.

ಆಗ ಮತ್ತೆ ಫೋನ್ ರಿಂಗಾಯಿತು. ಚಂದ್ರಾಮ ಅಕ್ಕನ ಮುಖ ನೋಡಿದ.

“ಹಲೋ! ಬ್ಯಾಂಡ್ ಏನ್ರಿ? ನಾವು ಚಿಮ್ಮನಚೋಡದಿಂದ್ರಿ!”

ಅದೇ ಕೂಗು. ಈ ಸಲ ಅಂಬು ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು. ಕೂಗಿನ ಹಿಂದೆ ಯಾರೋ “ಲಗೂ ಮಾತಾಡ್ರಿ” ಎನ್ನುತ್ತಿದ್ದರು. ಅದರಾಚೆ ಒಂದು ಸಣ್ಣ ದನಿ, ಅವಳ ವಯಸ್ಸಿನದೇ ಇರಬೇಕು, ಕೇಳುತ್ತಿತ್ತು: “ಬರ್ತಾರಂತಾ? ಬರ್ತಾರಂತಾ?”



“ಅವ್ರು ಇಲ್ಲಿಲ್ರಿ. ಎಲ್ಲಿದ್ದಾರ ಹೇಳ್ತೀನಿ. ಫೋನ್ ಇಡಬ್ಯಾಡ್ರಿ,” ಎಂದಳು ಅಂಬು.