ಸುಣ್ಣದ ಗೆರೆಯೊಳಗಿನ ಮೊಟ್ಟೆ

“ನಿಲ್ಸಣ್ಣಾ! ನಿಲ್ಸು!”

ಮಹಾದೇವಿ ಸ್ಕೂಲ್ ಬ್ಯಾಗ್ ಬಿಸಾಕಿ ಕೆರೆ ಏರಿಯಿಂದ ಕೆಳಗೆ ಓಡಿದಳು. ಜೆಸಿಬಿ ಸದ್ದಿನಲ್ಲಿ ಅವಳ ಕೂಗು ಯಾರಿಗೂ ಕೇಳಿಸಲಿಲ್ಲ. ತಲೆಯ ಮೇಲೆ ಟಿಟ್ಟಿಭ ಹಕ್ಕಿಯೂ ಕಿರುಚುತ್ತ ಸುತ್ತುತ್ತಿತ್ತು. ಅದರದ್ದೂ ಅದೇ ಪಾಡು.

ಅವಳು ಎರಡೂ ಕೈ ಎತ್ತಿ ಜೆಸಿಬಿಗೆ ಎದುರಾಗಿ ನಿಂತುಬಿಟ್ಟಳು. ಡ್ರೈವರ್ ಮುತ್ತಣ್ಣ ಗಾಬರಿಯಾಗಿ ಎಂಜಿನ್ ಆಫ್ ಮಾಡಿದ.

“ತಲೆ ಕೆಟ್ಟಿದ್ಯೇನಮ್ಮಾ ನಿಂಗೆ?”

“ಇಲ್ಲಿ ಮೊಟ್ಟೆ ಅದಾವ! ಸುತ್ತಲೂ ಸುಣ್ಣ ಹಾಕೀನಿ, ಕಾಣ್ಸಲಿಲ್ಲೇನು?”

“ಕಾಣಿಸ್ತು. ಅದಕ್ಕೇ ತಾನೇ ಅಗೀತಿರೋದು!”

ಮಹಾದೇವಿಯ ಅಪ್ಪ ಸಂಗಣ್ಣ ಓಡಿ ಬಂದ. ಮಳೆಗಾಲ ಶುರುವಾಗುವುದರೊಳಗೆ ಏರಿಗೆ ಹೊಸದಾಗಿ ಕಲ್ಲು ಕಟ್ಟಬೇಕಿತ್ತು. ಆ ಕೆಲಸಕ್ಕೆಂದೇ ಅವನು ರಾಯಚೂರಿನ ಕಡೆಯಿಂದ ಚಂದಾಪುರಕ್ಕೆ ಬಂದಿದ್ದ.

“ಇಲ್ಲಿ ಸುಣ್ಣ ಯಾರು ಹಾಕಿದ್ರು?”

“ನಾನಪ್ಪ. ಯಾರೂ ಒಳಗ ಬರಬಾರ್ದಂತ. ಸಾಲ್ಯಾಗ ಖೋ-ಖೋ ಆಡುವಾಗ ಸುಣ್ಣದ ಗೆರೆ ದಾಟಿದ್ರ ಔಟ್.”

ಸಂಗಣ್ಣ ಹಣೆ ಚಚ್ಚಿಕೊಂಡ. “ಇಲ್ಲಿ ಹಂಗಲ್ಲವ್ವಾ. ಎಲ್ಲಿ ಅಗೀಬೇಕೋ ಅಲ್ಲೇ ಸುಣ್ಣ ಹಾಕೋದು.”

ಜೆಸಿಬಿ ಅರ್ಧ ಗೆರೆಯನ್ನು ಆಗಲೇ ಕಿತ್ತಿತ್ತು. ಮುತ್ತಣ್ಣ ಇಳಿದು ಬಂದು ಬಗ್ಗಿ ನೋಡಿದ.

“ಎಲ್ಲಿದೆ ಮೊಟ್ಟೆ? ಬರೀ ಕಲ್ಲಲ್ವಾ?”

ಮಹಾದೇವಿ ಬೆರಳಿಟ್ಟು ತೋರಿಸಿದಳು. ಜಲ್ಲಿಯ ನಡುವೆ, ಜಲ್ಲಿಯದೇ ಬಣ್ಣದ ಮೂರು ಮೊಟ್ಟೆಗಳಿದ್ದವು. ನಾಲ್ಕನೆಯದು ಉರುಳಿ ಒಡೆದಿತ್ತು. ಅದನ್ನು ಕಂಡು ಅವಳಿಗೆ ಅಳು ತಡೆಯಲಾಗಲಿಲ್ಲ. ಮೊಟ್ಟೆ ಇರುವ ಜಾಗಕ್ಕೇ ಜೆಸಿಬಿಯನ್ನು ಕರೆದವಳು ತಾನೇ ಅಲ್ಲವೇ?

ಮುತ್ತಣ್ಣ ಏರಿಯ ಇನ್ನೊಂದು ತುದಿಯತ್ತ ಕೈ ತೋರಿಸಿದ. “ಅಳ್ಬೇಡ. ಆ ತುದಿ ಮೊದ್ಲು ಮುಗಿಸ್ತೀನಿ. ಇಲ್ಲಿ ಮರಿ ಆದ್ಮೇಲೆ ಅಗಿಯೋಣ. ಅಲ್ಲಿವರ್ಗೂ ಏನೂ ಗುರುತು ಹಾಕ್ಬೇಡಮ್ಮಾ ತಾಯಿ!”

“ಮೇಸ್ತ್ರಿಗೆ ನಾ ಹೇಳ್ತೀನಿ,” ಎಂದ ಸಂಗಣ್ಣ. ಉಳಿದ ಸುಣ್ಣವನ್ನು ಕಾಲಿನಿಂದ ಮಣ್ಣಿಗೆ ಬೆರೆಸಿ ಅಳಿಸಿದ.

ಎಲ್ಲರೂ ದೂರ ಸರಿದರು. ಟಿಟ್ಟಿಭ ತಕ್ಷಣ ಗೂಡಿಗೆ ಹೋಗಲಿಲ್ಲ. ಬೇರೆಲ್ಲೋ ಇಳಿದು, ಏನೂ ಗೊತ್ತಿಲ್ಲದ ಹಾಗೆ ಅತ್ತಿತ್ತ ಓಡಾಡಿತು. ಯಾರೂ ನೋಡುತ್ತಿಲ್ಲ ಅನ್ನಿಸಿದ ಮೇಲೆ ಮೆಲ್ಲಗೆ ಬಂದು ಮೊಟ್ಟೆಗಳ ಮೇಲೆ ಕೂತಿತು. ಮರದ ಹಿಂದಿನಿಂದ ಮಹಾದೇವಿ ಎಲ್ಲವನ್ನೂ ನೋಡಿದಳು.

ಮಾರನೆಯ ದಿನ ಸ್ಕೂಲಿಗೆ ಹೋಗುವಾಗ ಗೆಳತಿ ವೇಣಿ ಏರಿಯ ಮೇಲೆ ಅವಳ ಕೈ ಹಿಡಿದು ಎಳೆದಳು.

“ಮೊಟ್ಟೆ ಎಲ್ಲೇ? ಪ್ಲೀಸ್, ತೋರ್ಸೇ!”

“ಮರಿ ಆಗ್ಲಿ, ತೋರಿಸ್ತೀನಿ.”

“ಯಾವ ಕಡೆ ಅಂತಾದ್ರೂ ಹೇಳೇ!”

ಕೆಳಗೆ ಒಮ್ಮೆ ಇಣುಕಿ ನೋಡಬೇಕೆಂದು ಮಹಾದೇವಿಗೆ ತುಂಬ ಆಸೆಯಾಯಿತು. ನೋಡಲಿಲ್ಲ. ಹೊಸೂರು ರೋಡಿನಲ್ಲಿ ಸಾಲಾಗಿ ಹೋಗುತ್ತಿದ್ದ ಕಂಪನಿ ಬಸ್ಸುಗಳನ್ನು ನೋಡುತ್ತ, ಏನೂ ಗೊತ್ತಿಲ್ಲದ ಹಾಗೆ ನಡೆದಳು.