ಗ್ಲೌಸ್ ಬೇಡ ಎಂದವಳು

"ರೀ, ಗ್ಲೌಸ್ ಹಾಕ್ಕೊಳ್ರೀ! ಅದನ್ನ ಬರಿಗೈಲಿ ಮುಟ್ಬೇಡಿ!"

ಬರ್ಗರ್ ಅಂಗಡಿಯ ಬಾಗಿಲು ತಳ್ಳಿಕೊಂಡು ಒಳನುಗ್ಗಿದವನ ಕೂಗಿಗೆ ಮಧ್ಯಾಹ್ನದ ಊಟಕ್ಕೆ ಬಂದವರೆಲ್ಲ ತಿರುಗಿ ನೋಡಿದರು. ಆ ಪರದೇಶದಲ್ಲಿ ಅವನ ಕನ್ನಡ ಅರ್ಥವಾದದ್ದು ಒಬ್ಬಳಿಗೇ. ಆ ಒಬ್ಬಳೇ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ!

ಮೂಗಿನ ತುದಿಯಲ್ಲಿ ಕೋಪವಿರುವ ಹುಡುಗಿ. ಗಡಿಯಾರ ರಿಪೇರಿಯವಳು. ಎದುರು ಕಟ್ಟಡದ ವರ್ಕ್‌ಶಾಪಿಗೆ ಬಂದು ಎರಡು ವರ್ಷವಾಗಿತ್ತು. ಅವನು ಅಲ್ಲೇ ಹಿರಿಯ ಕೆಲಸಗಾರ, ಇಡೀ ಕಟ್ಟಡದಲ್ಲಿ ಕನ್ನಡ ಬರುವ ಇನ್ನೊಂದೇ ಜೀವ. ಅವಳು ಬಿಚ್ಚಿ ಜೋಡಿಸಿದ ಪ್ರತಿಯೊಂದು ವಾಚನ್ನೂ ಪರೀಕ್ಷಿಸಿ ಸಹಿ ಹಾಕುವವನು ಅವನೇ.

ಒಂದು ದಿನವಾದರೂ ನಗುನಗುತ್ತಾ ನಾಲ್ಕು ಮಾತಾಡಿದವನಲ್ಲ ಮಹಾರಾಯ. ಆದರೂ ಭೂತಗನ್ನಡಿ ಹಿಡಿದು ಅವನು ಅವಳ ಕೆಲಸದ ಮೇಲೆ ಬಗ್ಗಿದಾಗಲೆಲ್ಲ ಅವಳ ಎದೆ ಡವಡವ ಅನ್ನುತ್ತಿತ್ತು. ಯಾಕೆ ಅಂತ ಬಿಡಿಸಿ ಹೇಳಬೇಕೇ?

ಬೆಳಿಗ್ಗೆ ಮೇಲ್ವಿಚಾರಕಿ ಕರೆದು ಹೇಳಿದ್ದಳು. "ನಾಳೆಯಿಂದ ನಿನ್ನ ಕೆಲಸ ಬೇರೆಯವರು ನೋಡ್ತಾರೆ. ಇನ್ನು ನಿನ್ನ ವಾಚುಗಳಿಗೆ ತಾನು ಸಹಿ ಹಾಕಲ್ಲ ಅಂತ ಅವನೇ ಬರೆದುಕೊಟ್ಟಿದ್ದಾನೆ."

ಪರೀಕ್ಷಿಸುವವನೇ ಸಹಿ ಹಾಕಲ್ಲ ಎಂದರೆ ಆ ಕೆಲಸಗಾರ್ತಿಯ ಕತೆ ಮುಗಿದಂತೆ. ಇವತ್ತಲ್ಲ ನಾಳೆ ಮನೆಗೆ ಕಳಿಸುತ್ತಾರೆ. ಅದೂ ಇರಲಿ... ಅವನು? ಅವನಿಗೆ ತಾನು ಅಷ್ಟು ಬೇಡವಾದಳೇ?

ಊಟದ ಹೊತ್ತಿಗೆ ಸೀದಾ ಈ ಅಂಗಡಿಗೆ ಬಂದು, "ಯಾವುದು ತುಂಬಾ ಖಾರವೋ ಅದೇ ಕೊಡಿ" ಎಂದಿದ್ದಳು. ಬರ್ಗರ್ ಜೊತೆ ಕೌಂಟರಿನವಳು ಒಂದು ಜೊತೆ ಗ್ಲೌಸ್ ಇಟ್ಟು, ಕಣ್ಣು ಮುಟ್ಟಬೇಡ ಎಂದು ಸನ್ನೆ ಮಾಡಿ ತೋರಿಸಿದ್ದಳು.

'ತಿನ್ನೋಕೆ ಗ್ಲೌಸ್ ಅಂತೆ, ಗ್ಲೌಸು! ಹುಟ್ಟಿದಾಗಿಂದ ಕೈಯಲ್ಲೇ ಕಲಸಿ ಉಂಡೋಳು ನಾನು. ಖಾರಕ್ಕೆ ಹೆದರ್ತೀನಾ?'

ಈಗ ಅವನು ನೋಡುತ್ತಿದ್ದಾನೆಂದೇ ಎರಡೂ ಕೈಯಲ್ಲಿ ಎತ್ತಿ ದೊಡ್ಡದಾಗಿ ಕಚ್ಚಿದಳು.

ಮೊದಲು ಏನೂ ಅನಿಸಲಿಲ್ಲ. ಇಷ್ಟೇನಾ ಅಂದುಕೊಂಡಳು. ಮರುಕ್ಷಣ...

ಅಯ್ಯೋ! ನಾಲಿಗೆಯ ಮೇಲೆ ಕೆಂಡ ಇಟ್ಟಂತಾಯಿತು. ಗಂಟಲು ಕಟ್ಟಿತು, ಕಿವಿಯಲ್ಲಿ ಗುಂಯ್ ಎಂದಿತು. ಕಣ್ಣೀರು ದಳದಳ ಇಳಿಯತೊಡಗಿತು. ಅವನು ನಾಲ್ಕು ಹೆಜ್ಜೆ ದೂರದಲ್ಲಿದ್ದ. ಇವನ ಮುಂದೆ ಅಳುವುದೇ? ಸತ್ತರೂ ಇಲ್ಲ! ಎರಡೂ ಕೈಗಳಿಂದ ಸರ್ರನೆ ಕಣ್ಣೊರೆಸಿಕೊಂಡಳು.

"ಬೇಡ..!" ಅವನು ಕೂಗುವಷ್ಟರಲ್ಲಿ ತಡವಾಗಿತ್ತು.

ಕಣ್ಣಿಗೆ ಬೆಂಕಿ ಬಿತ್ತು. ರೆಪ್ಪೆಗಳು ಬಿಗಿದುಕೊಂಡವು. ತೆರೆಯಲು ಹೋದರೆ ಇನ್ನಷ್ಟು ಉರಿ. ಕತ್ತಲು... ಬರೀ ಕತ್ತಲು!

ಕುರ್ಚಿಗಳು ಸರಿದ ಸದ್ದು. ಸುತ್ತ ಯಾರ್‍ಯಾರೋ ಮಾತಾಡುತ್ತಿದ್ದಾರೆ. ಎರಡು ವರ್ಷ ಕಲಿತ ಆ ಭಾಷೆಯ ಒಂದು ಪದವೂ ಈಗ ತಲೆಗೆ ಹತ್ತಲಿಲ್ಲ. ಅವಳ ಜೀವ ಬಾಯಿಗೆ ಬಂತು.

ಅವಳಪ್ಪನೂ ಗಡಿಯಾರ ರಿಪೇರಿಯವರೇ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದವರು, "ಮಗಾ, ಸ್ವಲ್ಪ ಲೈಟ್ ಹಾಕೇ" ಅಂದಿದ್ದರು. ಲೈಟ್ ಉರಿಯುತ್ತಲೇ ಇತ್ತು. ಆಮೇಲೆ ಅಪ್ಪ ಮತ್ತೆಂದೂ ಕೈಯಲ್ಲಿ ಇಕ್ಕಳ ಹಿಡಿಯಲಿಲ್ಲ.

'ನಂಗೂ ಹಾಗೇ ಆಗುತ್ತಾ? ಇಲ್ಲಿ, ಯಾರೂ ಇಲ್ಲದ ಕಡೆ?'

"ಅಪ್ಪಾ... ನನ್ನ ಕಣ್ಣು! ನಂಗೆ ಏನೂ ಕಾಣ್ತಿಲ್ಲ!"

ಅಷ್ಟರಲ್ಲಿ ಒಂದು ಕೈ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ನಾನಿದೀನಿ. ಕಣ್ಣು ಉಜ್ಜಬೇಡಿ. ಮೂರು ಹೆಜ್ಜೆ ಮುಂದೆ ಬನ್ನಿ, ಅಲ್ಲೇ ನಲ್ಲಿ ಇದೆ."

"ನನ್ನ ಕಣ್ಣು ಹೋಯ್ತಾ? ನಿಜ ಹೇಳಿ!"

"ಹೋಗಲ್ಲ ಕಣ್ರೀ. ಹೋದ ವರ್ಷ ನಾನೂ ಇದನ್ನೇ ತಿಂದು ಇದೇ ಕೆಲಸ ಮಾಡ್ಕೊಂಡಿದ್ದೆ. ಡಾಕ್ಟರು ನೀರು ಹಾಕಿ ಕಳಿಸಿದ್ರು. ಅರ್ಧ ಗಂಟೇಲಿ ಸರಿಹೋಯ್ತು."

ಸಮಾಧಾನ ಹೇಳುವವನೇ ದಾರಿಯಲ್ಲಿ ಕುರ್ಚಿಗೆ ಎಡವಿದ. ಅದು ಗೊತ್ತಾಗಿ ಅವಳಿಗೆ ಇನ್ನಷ್ಟು ಭಯವಾಯಿತು.

ಕೌಂಟರಿನವಳು ಸೋಪು ತಂದು ಅವಳ ಕೈಯನ್ನು ಎರಡೆರಡು ಸಲ ತೊಳೆಸಿದಳು. ಆಮೇಲೆ ಅವನು ಅವಳ ತಲೆ ಬಗ್ಗಿಸಿ, ಲೋಟದಿಂದ ನೀರು ಸುರಿಯುತ್ತಾ ಹೋದ. ಒಂದು ಲೋಟ, ಇನ್ನೊಂದು... ಉರಿ ಇಳಿಯಲೊಲ್ಲದು.

"ಬೆಳಗಿಂದ ನನ್ನ ಕೆಲಸ ಬೇಡ ಅಂದೋರು, ಈಗ್ಯಾಕೆ ಬಂದ್ರಿ?" ಅವಳು ಬಿಕ್ಕಿದಳು.

ನೀರು ಒಂದು ಕ್ಷಣ ನಿಂತಿತು.

"ಅದನ್ನ ಹೇಳೋಕೇ ಓಡಿ ಬಂದೆ. ವರ್ಕ್‌ಶಾಪಿನ ರೂಲ್ ಗೊತ್ತಲ್ವಾ? ಗಂಡ, ಹೆಂಡತಿ, ಅಣ್ಣ, ತಮ್ಮ... ಮನೆಯವರ ಕೆಲಸಕ್ಕೆ ಮನೆಯವರು ಸಹಿ ಹಾಕೋ ಹಾಗಿಲ್ಲ."

"ಅದಕ್ಕೂ ನನಗೂ ಏನು ಸಂಬಂಧ? ನಾನೇನು ನಿಮ್ಮ ಮನೆಯವಳಾ?"

"ಆಗ್ತೀರಾ ಅಂತ ಇವತ್ತು ಸಂಜೆ ಕೇಳ್ಬೇಕು ಅಂತಿದ್ದೆ. ಮೊದಲು ನಿಮ್ಮನ್ನ ಕೇಳಿ, ಆಮೇಲೆ ಬರೆದುಕೊಡಬೇಕಿತ್ತು. ನಾನು... ಮೊದಲೇ ಬರೆದುಕೊಟ್ಟುಬಿಟ್ಟೆ."

ಇದೆಂಥಾ ಮನುಷ್ಯ! ಕೂದಲೆಳೆಯಷ್ಟು ತಪ್ಪನ್ನೂ ಹಿಡಿಯುವವನು ಇಷ್ಟು ದೊಡ್ಡದರಲ್ಲಿ ಎಡವಿದ್ದಾನಲ್ಲ!

"ಕೇಳೋ ಮುಂಚೆ ಬರೆದುಕೊಡೋದಾ? ಬೆಳಗಿಂದ ಸತ್ತು ಬದುಕಿದೀನಲ್ರೀ ನಾನು!"

"ತಪ್ಪಾಯ್ತು. ಎದುರಿಗೆ ಬಂದ್ರೆ ನಂಗೆ ಮಾತೇ ಹೊರಡಲ್ಲ. ಈಗ ನಿಮ್ಮ ಕಣ್ಣು ಮುಚ್ಚಿದೆ, ಅದಕ್ಕೇ ಹೇಳ್ತಿದೀನಿ."

ಅವಳ ಮನಸ್ಸು ಹಾರಿತು. ಆದರೆ ಭಯ ಅದನ್ನು ಹಿಡಿದೆಳೆಯಿತು. ಈಗಲೂ ಕತ್ತಲೇ. ಆಸೆಪಟ್ಟದ್ದು ಕೈಗೆ ಬಂದ ಹೊತ್ತಿಗೇ ಕಣ್ಣು ಹೋದರೆ?

"ನಂಗೆ ಕಣ್ಣು ಬರದೇ ಇದ್ರೆ? ನಮ್ಮಪ್ಪನ ಹಾಗೆ ಆದ್ರೆ?" ಅವಳ ದನಿ ಒಡೆಯಿತು. "ವಾಚ್ ಇಲ್ಲ, ಕೆಲಸ ಇಲ್ಲ... ಆಗಲೂ ಕೇಳ್ತೀರಾ?"

ಬರೀ ಮೂಗೆಳೆದ ಸದ್ದು ಕೇಳಿಸಿತು.

"ಯಾಕೆ ಸುಮ್ಮನಾದ್ರಿ?"

"ಕೇಳ್ತೀನಿ," ಎಂದ ಅವನು. "ಆಗ ಇನ್ನೂ ಬೇಗ ಕೇಳ್ತೀನಿ."

ಅವಳು ಹಲ್ಲು ಕಚ್ಚಿ ರೆಪ್ಪೆ ಎತ್ತಿದಳು. ಮಂಜು. ಬೆಳಕು. ಬಿಳಿ ಗೋಡೆಯ ಟೈಲ್ಸು, ಹನಿಯುವ ನಲ್ಲಿ... ಕಾಣುತ್ತಿದೆ! ದೇವರೇ, ಕಾಣುತ್ತಿದೆ!

"ರೀ, ಕಾಣ್ತಿದೆ! ನಂಗೆ ಕಾಣ್ತಿದೆ!"

ಸಂಭ್ರಮದಿಂದ ಅವನತ್ತ ತಿರುಗಿದಳು. ಅವನು ಗೋಡೆಗೆ ಒರಗಿ ನಿಂತಿದ್ದ. ಮುಖ ಕೆಂಪಗೆ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಕೆನ್ನೆಯ ಮೇಲೆ ನೀರು ಸುರಿಯುತ್ತಿತ್ತು.

"ಅಯ್ಯೋ, ನಿಮಗೇನಾಯ್ತು? ನೀವು ಬರ್ಗರ್ ಮುಟ್ಟಲೇ ಇಲ್ವಲ್ಲ!"

"ನಿಮ್ಮ ಕೈ ಹಿಡ್ಕೊಂಡು ಬಂದೆನಲ್ಲ," ಎಂದ ಅವನು ಮೆಲ್ಲಗೆ. "ಆಮೇಲೆ... ಅಳು ಬಂತು. ಒರೆಸ್ಕೊಂಡುಬಿಟ್ಟೆ."

ಅವಳು ಲೋಟ ತುಂಬಿಸಿಕೊಂಡಳು. ಅವನ ಗಲ್ಲ ಹಿಡಿದು ಮೆಲ್ಲಗೆ ತಲೆ ಬಗ್ಗಿಸಿದಳು.

"ಬಗ್ಗಿ. ಹೆದರ್ಕೋಬೇಡಿ, ನಾನಿದೀನಿ."

"ಅಂದ್ರೆ... ಹೂಂ ಅಂತಾನಾ?"

"ಹೂಂ ಕಣ್ರೀ, ಹೂಂ. ಈಗ ಮೊದಲು ಕಣ್ಣು ಬಿಡಿ."