ಮೂವತ್ತು ಸೆಕೆಂಡಿನ ಟಿಪ್ಪಣಿ

ಹಕ್ಕಿಯೊಂದರ ದಾಖಲೆಯ ವಿಷಯದೊಳಕ್ಕೆ ಪ್ರೀತಿಯನ್ನು ಎಳೆದು ತರುವುದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಇದನ್ನು ಹೇಳಲು ಹೆಚ್ಚು ತಿಳಿದವರು ಬೇಕಿತ್ತು. ಆದರೆ ಆ ಭಾನುವಾರ ಯೋಗಾನಂದನ ಪಾಲಿಗೆ ಎರಡೂ ಒಂದೇ ಹಾಳೆಯ ಮೇಲೆ ಬಂದುಬಿಟ್ಟವು.

ಯೋಗಾನಂದ ಪಾಳ್ಯದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಸಂಜೆ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದವನು. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವ ಅನುಮಾನದ ಮನುಷ್ಯ. ಹೇಮಶ್ರೀ ಕುಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಕಾಫಿ ಗಿಡದ ಬುಡದಲ್ಲಿ ಕೋಳಿಯ ಹಾಗೆ ತರಗೆಲೆ ಕೆದಕುವ ಬಕವೊಂದಿದೆ ಎಂದು ಹಣ್ಣು ಕೊಯ್ಯುವ ಮಾದಮ್ಮ ಹೇಳಿದ್ದೇ ತಡ, ಇಬ್ಬರೂ ಒಂಬತ್ತು ಭಾನುವಾರ ತೋಟ ಸುತ್ತಿದ್ದರು. ಅದು ಮಲಯನ್ ನೈಟ್ ಹೆರಾನ್ ಎಂಬ ಅಪರೂಪದ ಜಾತಿಯ ಬಕ ಇರಬಹುದು ಎಂಬುದು ಹೇಮಶ್ರೀಯ ಆಸೆ. ಕಾಲು ಸೋತಿದ್ದವು. ಅವಳಿಗೆ ಹೊಳೆನರಸೀಪುರಕ್ಕೆ ವರ್ಗವೂ ಆಗಿತ್ತು. ಇದೇ ಕೊನೆಯ ಭಾನುವಾರ.

ಬೆಳಿಗ್ಗೆ ಎಂಟರ ಹೊತ್ತಿಗೆ ಹಳ್ಳದ ಬದಿಯಲ್ಲಿ ಅದು ಕಂಡಿತು. ಕತ್ತು ಚಾಚಿ ಕೊರಡಿನಂತೆ ನಿಂತಿತು. ಹೇಮಶ್ರೀಯ ಕ್ಯಾಮೆರಾಕ್ಕೆ ರೆಂಬೆ ಅಡ್ಡ ಬಂದು ಕಂದು ಬೆನ್ನಷ್ಟೇ ಸಿಕ್ಕಿತು. ತಲೆ ಕಾಣುತ್ತಿದ್ದುದು ಬೈನಾಕ್ಯುಲರ್ ಹಿಡಿದಿದ್ದ ಯೋಗಾನಂದನಿಗೆ ಮಾತ್ರ. ನೆತ್ತಿ ಕಪ್ಪಾಗಿದ್ದರೆ ಅದೇ ಹಕ್ಕಿ. ಅಷ್ಟರಲ್ಲಿ ಹಾರಿಹೋಯಿತು.

ನೋಡಿದ ಮೇಲೆ ಮಾತಾಡದೆ, ಬೇರೆ ಬೇರೆ ಕೂತು, ಹಕ್ಕಿಗಳ ದಾಖಲೆ ಇಡುವವರಿಗೆ ಕಳಿಸಲು ಟಿಪ್ಪಣಿ ಬರೆಯಬೇಕೆಂಬುದು ಹೇಮಶ್ರೀಯ ನಿಯಮ. ಯೋಗಾನಂದ ಸಿಲ್ವರ್ ಓಕ್ ಮರಕ್ಕೆ ಒರಗಿದ. ‘ನೆತ್ತಿ ಕಪ್ಪು’ ಎಂದು ಬರೆದರೆ ಅವಳ ಒಂಬತ್ತು ಭಾನುವಾರ ಸಾರ್ಥಕ. ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ ನಿಜವನ್ನೇ ಬರೆದು ಕೊಟ್ಟ.

‘ಹಕ್ಕಿ ಕಂಡದ್ದು ಮೂವತ್ತು ಸೆಕೆಂಡು. ನಾನು ನೋಡಿದ್ದು ಐದಾರು. ಉಳಿದಷ್ಟೂ ಹೊತ್ತು ಉಸಿರು ಬಿಗಿಹಿಡಿದು ನಿಂತಿದ್ದ ಹೇಮಶ್ರೀಯವರ ಮುಖ ನೋಡುತ್ತಿದ್ದೆ. ನೆತ್ತಿಯ ಬಣ್ಣ ಹೇಳಲಾರೆ.’

ಅವಳು ಎರಡು ಸಲ ಓದಿದಳು. ಹಾಳೆಯ ಅಂಚಿನ ಮೇಲಿಂದ ಕಣ್ಣಷ್ಟೇ ಎತ್ತಿ ನೋಡಿದಳು.

“ಇದನ್ನ ಕಳಿಸಕ್ಕಾಗುತ್ತಾ ರೈಟ್ರೇ?”

“ಇಲ್ಲ ಮೇಡಂ. ತಪ್ಪಾಯ್ತು. ಸುಳ್ಳು ಬರೆಯಕ್ಕೆ ಕೈ ಬರ್ಲಿಲ್ಲ.”

“ಬರೆದಿದ್ರೆ ಇವತ್ತೇ ಖುಷಿಯಾಗಿ ಹೋಗ್ಬುಡ್ತಿದ್ದೆ.” ದಣಿದವಳು ಅವನ ಪಕ್ಕದಲ್ಲೇ ಕುಸಿದು ಕೂತು ಶೂ ಸಡಿಲಿಸಿದಳು. “ಈ ಮುಖದಲ್ಲಿ ಅಂಥಾದ್ದೇನೈತೆ?”

“ಗೊತ್ತಿಲ್ಲ. ಒಂಬತ್ತು ವಾರದಿಂದ ನೋಡ್ತಿದ್ದೀನಿ. ಇದೊಂದ್ರಲ್ಲಿ ಮಾತ್ರ ನಂಗೆ ಅನುಮಾನ ಇಲ್ಲ.”

ಅವಳು ಶೂ ಕಳಚಿ ಕಾಲ ಬೆರಳುಗಳನ್ನು ನೀವಿಕೊಂಡಳು. ಆಮೇಲೆ ಅವನ ಕಡೆ ನೋಡದೆಯೇ ಅಂದಳು:

“ಭಾನುವಾರ ಹೊಳೆನರಸೀಪುರದಿಂದ ಮೊದಲ್ನೇ ಬಸ್ಸು ಹಿಡೀತೀನಿ. ಖಾತ್ರಿ ಆಗೋವರೆಗೂ ಬರ್ಲೇಬೇಕಲ್ಲ. ಮೊದ್ಲು ಹಕ್ಕಿ ನೋಡಿ. ಆಮೇಲೆ ನನ್ನ ನೋಡೀರಂತೆ.”

ಅವಳು ಬಂದಳು, ಪ್ರತಿ ಭಾನುವಾರ. ಮರುವರ್ಷ ಇಬ್ಬರೂ ಆಲೂರಿನಲ್ಲಿ ಮನೆ ಮಾಡಿದರು. ಹಕ್ಕಿ ಮಾತ್ರ ಮತ್ತೆ ಕಾಣಲಿಲ್ಲ. ಅದು ಯಾವುದಾಗಿತ್ತೋ, ಇವತ್ತಿಗೂ ಗೊತ್ತಿಲ್ಲ.